ಮೊಮ್ಮಗಳ ಚಾಳೀಸು

ನಮ್ಮ ಶಿರಗುಪ್ಪಿಯ ಕಡೆಗೆ ಕನ್ನಡಕವನ್ನು ಚಾಳೀಸು ಎನ್ನುವರು. ಹಿಂದುಸ್ತಾನಿಯ ೪೦ರ ಹೆಸರದು. ಆ ವಯಸ್ಸಿಗೆ ಮೂಗನ್ನೇರತಕ್ಕ ವಸ್ತು. ಅದು ಎರಡೂವರೆ ವರ್ಷದ ಮೊಮ್ಮಗಳಿಗೆ ಬಂದಾಗ ಮನೆಯವರೆಲ್ಲ ಮರುಗಿದೆವು. ಅಕ್ಷರವನ್ನರಿಯದ ಕೂಸಿನ ದೃಷ್ಟಿಯನ್ನು ಅಳೆಯುವದೆಂತು ಎಂಬುದು ನನ್ನ ಸಂಶಯ. ಹುಬ್ಬಳ್ಳಿಯ ನೇತ್ರವೈದ್ಯರು ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಅದು ಒಳಗಿನಿಂದ ಮರಳುವ ಬಗೆಯಿಂದಲೇ ಅಳೆದಿದ್ದರು. ಎರಡೂ ಕಣ್ಣು ಮಂಜು, ಎಡದ್ದು ಹೆಚ್ಚು. ಹಾಗೆಯೇ ಬಿಟ್ಟರೆ ಮಿದುಳು ಆ ಕಣ್ಣನ್ನು ಬಳಸುವದನ್ನೇ ಕಲಿಯದು, ಏಳೆಂಟು ವರ್ಷ ದಾಟಿದ ಮೇಲೆ ತಿದ್ದುವದು ಬಹು ಕಠಿಣ ಎಂದರು.

ಕೂಸು ಮೂರು ದಿನ ಕಿತ್ತೊಗೆಯಿತು. ಒಮ್ಮೆಯಂತೂ ಚಾಳೀಸು ಜೋಳದ ಚೀಲದಲ್ಲಿ ಸಿಕ್ಕಿತು. ನಾನು ಗದರಿಸಿ ಕೆಲಸ ಕೆಡಿಸಿದೆನು. ಸೊಸೆ ಜಾಣೆ, ಹಿಂದೆ ಮೆತ್ತನೆಯ ಪಟ್ಟಿ ಕಟ್ಟಿ, ಮೊದಲು ಉಣ್ಣುವಾಗ, ಕಥೆ ಕೇಳುವಾಗ ಮಾತ್ರ ಹಾಕಿ, ದಿನದಿನಕ್ಕೆ ಹೊತ್ತು ಬೆಳೆಸಿದಳು. ನಾನೂ ನನ್ನದನ್ನು ಅದರೆದುರಿಗೇ ಏರಿಸಿಕೊಳ್ಳತೊಡಗಿದೆನು.

ಒಂದು ಮುಂಜಾನೆ ಹೊಲದ ಬದುವಿನ ಮೇಲೆ ನಿಂತು, ದೂರದ ಬೇವಿನ ಮರಕ್ಕೆ ಬೆರಳು ಮಾಡಿ, "ಅಜ್ಜಾ, ಗಿಣಿ!" ಎಂದಿತು. ನಾನು ಬಹಳ ಹೊತ್ತು ಹುಡುಕಿದೆನು, ನನಗೆ ಕಾಣಲಿಲ್ಲ.