ಹಾಡಿಗೊಂದಿಷ್ಟು ಜಾಗ

ಕೆಲಸ ಮಾಡುತ್ತಾ ಹಾಡು ಕೇಳುವವರಲ್ಲಿ ಎರಡು ಪಂಗಡ. ಹಾಡು ಹಚ್ಚಿ, ಪ್ಲೇಯರನ್ನು ಮಿನಿಮೈಸ್ ಮಾಡಿ ಮರೆತುಬಿಡುವವರು ಒಂದು ಕಡೆ; ಅದು ಕಣ್ಣಳತೆಯಲ್ಲೇ ಇರಬೇಕು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಪಂಗಡದವನು. ಯಾರು ಹಾಡುತ್ತಿದ್ದಾರೆ, ರಾಗ ಯಾವುದು, ಮುಗಿಯಲು ಇನ್ನೆಷ್ಟು ಹೊತ್ತಿದೆ, ಇಷ್ಟಾದರೂ ಕಾಣುತ್ತಿರಬೇಕು. ಮಲ್ಲಿಕಾರ್ಜುನ ಮನ್ಸೂರರನ್ನು ಹಾಡಲು ಕೂರಿಸಿ ಪರದೆ ಎಳೆಯುವುದು ನನಗೆ ಸರಿಬರುವುದಿಲ್ಲ.

ಆದರೆ ಜಾಗ ಎಲ್ಲಿದೆ? ಈ ವಿಷಯದಲ್ಲಿ 1997ರಲ್ಲಿ ಬಂದ ಪ್ಲೇಯರ್ ವಿನಾಂಪ್‌ನಷ್ಟು ಚೆನ್ನಾಗಿ ಯೋಚಿಸಿದವರನ್ನು ನಾನು ಕಂಡಿಲ್ಲ. ಅದರ ಮುಖ್ಯ ಕಿಟಕಿ 275 ಪಿಕ್ಸೆಲ್ ಅಗಲ, 116 ಎತ್ತರ. ಆಗಿನ 800×600ರ ಮಾನಿಟರಿನಲ್ಲಿ ಅದೂ ದೊಡ್ಡದೇ. ಅಗಲದ ಮೂರನೆಯ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. ಅದಕ್ಕೆಂದೇ ಟೈಟಲ್ ಬಾರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಇಡೀ ಕಿಟಕಿ ಮಡಚಿಕೊಂಡು 14 ಪಿಕ್ಸೆಲ್ ಎತ್ತರದ ಪಟ್ಟಿಯಾಗುತ್ತಿತ್ತು. ಗುಂಡಿಗಳು, ಸಮಯ, ಹಾಡನ್ನು ಹಿಂದೆ ಮುಂದೆ ಸರಿಸುವ ಪುಟ್ಟ ಗೆರೆ, ಎಲ್ಲವೂ ಅಲ್ಲೇ. ಹಾಡಿನ ಹೆಸರು ಬೇಕೆಂದರೆ ಪ್ಲೇಲಿಸ್ಟನ್ನೂ ಹಾಗೇ ಮಡಚಿ ಪಕ್ಕಕ್ಕೆ ಅಂಟಿಸಬಹುದಿತ್ತು. ಕಂಟ್ರೋಲ್ ಜೊತೆ ಎ ಒತ್ತಿದರೆ ಎಲ್ಲದರ ಮೇಲೆ ನಿಲ್ಲುತ್ತಿತ್ತು. ಬರೆಯುವ ಕಡತದ ಟೈಟಲ್ ಬಾರಿನ ಖಾಲಿ ಭಾಗದಲ್ಲಿ ಕೂರಿಸಿದರೆ ಒಂದು ಸಾಲು ಅಕ್ಷರವೂ ಮರೆಯಾಗದು.

ಮೇಲೆ ಕೂತಿರುವುದು ಬೇರೆ, ಕೀಲಿಮಣೆ ಅದರ ಕೈಗೆ ಹೋಗುವುದು ಬೇರೆ. ಕನ್ನಡದ ಕಗಪ ಕೀಲಿಮಣೆ ವಿನ್ಯಾಸದಲ್ಲಿ 'ಬಸವ' ಎಂದು ಬರೆಯಲು ಒತ್ತುವುದು ಬಿ, ಎಸ್, ವಿ. ವಿನಾಂಪ್‌ನಲ್ಲಿ ಬಿ ಎಂದರೆ ಮುಂದಿನ ಹಾಡು, ಎಸ್ ಎಂದರೆ ಷಫಲ್, ವಿ ಎಂದರೆ ನಿಲ್ಲಿಸು! ಹಾಗಾಗಿ ಪ್ಲೇಯರನ್ನು ಮುಟ್ಟಿದ ಮೇಲೆ ಕಡತದೊಳಗೊಮ್ಮೆ ಕ್ಲಿಕ್ ಮಾಡುವುದು ಕೈಗೆ ರೂಢಿಯಾಗಲೇಬೇಕು. ಈಗಿನ ಕೀಲಿಮಣೆಗಳಲ್ಲಿ ಹಾಡಿಗೆಂದೇ ಬೇರೆ ಕೀಲಿಗಳಿರುವುದರಿಂದ ಈ ತಾಪತ್ರಯ ಕಡಿಮೆ.

ಕಡಿಮೆಯಾದದ್ದು ಜಾಗವೂ ಹೌದು. 2008ರಲ್ಲಿ ಕ್ರೋಮ್ ತನ್ನ ಟ್ಯಾಬುಗಳನ್ನು ಟೈಟಲ್ ಬಾರಿಗೇ ಏರಿಸಿತು. ಈಗ ಆ ಸಾಲಿನಲ್ಲಿ ಹುಡುಕು ಪೆಟ್ಟಿಗೆ, ಸೇವ್ ಗುಂಡಿ, ಏನೇನೋ. ಪರದೆಗಳು ಅಷ್ಟು ಅಗಲವಾಗಿವೆ, ಖಾಲಿ ಬಿಟ್ಟ ಪಟ್ಟಿ ಮಾತ್ರ ಇಲ್ಲ. ಈಗಿನ ಮಿನಿ ಪ್ಲೇಯರುಗಳೋ, ಆಲ್ಬಂ ಚಿತ್ರವನ್ನೇ ಚೌಕಾಕಾರದಲ್ಲಿ ದೊಡ್ಡದಾಗಿ ತೋರಿಸುತ್ತವೆ. ಚಿತ್ರ ನೋಡುತ್ತಾ ಕೂರಲು ಯಾರಿಗೆ ಪುರುಸೊತ್ತು? ನಮಗೆ ಬೇಕಿರುವುದು ಹೆಸರು ಮತ್ತು ಸಮಯ.

ದಾರಿಗಳೇನೋ ಇವೆ. ವಿಎಲ್‌ಸಿಯಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಮೆನು, ಗುಂಡಿಗಳೆಲ್ಲ ಸರಿಯುತ್ತವೆ. ವಿಂಡೋಸ್‌ನಲ್ಲಿ ಪವರ್‌ಟಾಯ್ಸ್ ಹಾಕಿಕೊಂಡರೆ ವಿಂಡೋಸ್ ಕೀಲಿ, ಕಂಟ್ರೋಲ್, ಟಿ ಒಟ್ಟಿಗೆ ಒತ್ತಿ ಯಾವ ಕಿಟಕಿಯನ್ನಾದರೂ ಮೇಲೆ ನಿಲ್ಲಿಸಬಹುದು. ಲಿನಕ್ಸ್‌ನವರಿಗೆ ಆಡೇಶಸ್ ಎಂಬ ಪ್ಲೇಯರ್ ಇದೆ. ವಿನಾಂಪ್‌ನ ಹಳೆಯ ಸ್ಕಿನ್ನುಗಳನ್ನೇ ತೊಡಿಸಬಹುದು, ಮಡಚಲೂಬಹುದು. ನಾನು ಅದನ್ನು ಬಲಗಡೆಯ ಕೆಳಮೂಲೆಯಲ್ಲಿ ಇಟ್ಟುಕೊಳ್ಳುತ್ತೇನೆ, ಕಳೆದ ಸಮಯ ತೋರಿಸುವ ಬದಲು ಉಳಿದ ಸಮಯ ತೋರಿಸುವಂತೆ. ವಿಲಂಬಿತ ಮುಗಿಯುವುದರೊಳಗೆ ಒಂದು ಪುಟ, ದ್ರುತ್‌ನಲ್ಲಿ ಅದರ ತಿದ್ದುಪಡಿ.