ಮಣ್ಣು ಮತ್ತು ಅನರ್ಥದಂಡವ್ರತ

ಜೈನ ಮನೆತನದ ಮಕ್ಕಳು ಪಾಠಶಾಲೆಯಲ್ಲಿ ಮೊದಮೊದಲು ಕಲಿಯುವ ಪಾಠಗಳಲ್ಲಿ ಜೀವಗಳ ವಿಂಗಡಣೆಯೂ ಒಂದು. ಸಂಸಾರೀ ಜೀವಗಳಲ್ಲಿ ತ್ರಸ ಮತ್ತು ಸ್ಥಾವರ ಎಂದು ಎರಡು ಬಗೆ. ಸ್ಥಾವರಗಳಲ್ಲಿ ಪೃಥ್ವೀಕಾಯಿಕ, ಜಲಕಾಯಿಕ, ಅಗ್ನಿಕಾಯಿಕ, ವಾಯುಕಾಯಿಕ, ವನಸ್ಪತಿಕಾಯಿಕ ಎಂದು ಐದು ಬಗೆ. ಇದನ್ನು ನಾವೆಲ್ಲರೂ ಬಾಯಿಪಾಠ ಮಾಡಿ ಒಪ್ಪಿಸಿದವರೇ. ಬೆಳೆದ ಮೇಲೆ ನೀರನ್ನು ಸೋಸಿ ಕುಡಿಯುತ್ತೇವೆ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುತ್ತೇವೆ, ಕಂದಮೂಲಗಳನ್ನು ತ್ಯಜಿಸುತ್ತೇವೆ. ಆದರೆ ಸ್ಥಾವರಗಳ ಈ ಎಣಿಕೆಯಲ್ಲಿ ಮೊದಲ ಹೆಸರು ಪೃಥ್ವಿಯದು ಎಂಬುದನ್ನು ನೆನೆಯುವವರು ವಿರಳ. ನೀರಿನ ವಿಷಯದಲ್ಲಿ ನಮಗಿರುವ ಎಚ್ಚರ ಮಣ್ಣಿನ ವಿಷಯದಲ್ಲಿ ಏಕಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ನಾನು ಕೃಷ್ಣಾ ನದಿಯ ದಂಡೆಯ, ಅಥಣಿ ಸೀಮೆಯ ಒಕ್ಕಲು ಮನೆತನದವನು. ಜೈನರೆಂದರೆ ವ್ಯಾಪಾರಿಗಳೆಂಬ ಭಾವನೆ ಹೊರಗಿನವರಲ್ಲಿ ಉಂಟು. ಬೆಳಗಾವಿ, ಸಾಂಗಲಿ, ಕೊಲ್ಲಾಪುರಗಳ ಕಡೆಗೆ ಬಂದವರಿಗೆ ಮಾತ್ರ ತಲೆಮಾರುಗಳಿಂದ ನೇಗಿಲು ಹಿಡಿದ ಜೈನ ಕುಟುಂಬಗಳು ಊರೂರಿಗೆ ಕಾಣಸಿಗುತ್ತವೆ. ಭಗವಾನ್ ಆದಿನಾಥರು ಪ್ರಜೆಗಳಿಗೆ ಬೋಧಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳಲ್ಲಿ ಕೃಷಿಯೂ ಸೇರಿದೆ. ಆದಕಾರಣ ಒಕ್ಕಲುತನ ಶ್ರಾವಕನಿಗೆ ನಿಷಿದ್ಧವಲ್ಲ. ಆದರೆ ನೆಲ ಉಳುವಾಗ ಜೀವಹಾನಿ ಆಗಿಯೇ ಆಗುತ್ತದೆ. ಅದನ್ನು ನಮ್ಮವರು ಉದ್ಯಮೀ ಹಿಂಸೆ ಎಂದು ಕರೆದು, ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದರು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು. ಉದ್ಯಮೀ ಹಿಂಸೆಯನ್ನು ಸಾಧ್ಯವಿದ್ದಷ್ಟು ಕಡಿಮೆ ಮಾಡುತ್ತ ಬರಬೇಕು.

ಎಷ್ಟು ಕಡಿಮೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು? ಇದಕ್ಕೆ ಉತ್ತರ ಅನರ್ಥದಂಡವ್ರತದಲ್ಲಿದೆ. ಪ್ರಯೋಜನವಿಲ್ಲದ ಪಾಪಕಾರ್ಯಗಳಿಂದ ದೂರವಿರುವುದೇ ಈ ಗುಣವ್ರತ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿ, ಅವುಗಳಲ್ಲಿ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ನೆಲವನ್ನು ವ್ಯರ್ಥವಾಗಿ ಕೆದಕುವುದು, ನೀರನ್ನು ವ್ಯರ್ಥವಾಗಿ ಚೆಲ್ಲುವುದು, ಬೆಂಕಿಯನ್ನು ವ್ಯರ್ಥವಾಗಿ ಹೊತ್ತಿಸುವುದು, ಗಿಡಮರಗಳನ್ನು ವ್ಯರ್ಥವಾಗಿ ಕಡಿಯುವುದು ಇವೆಲ್ಲ ಪ್ರಮಾದಚರ್ಯೆಗಳು. ಇಂದಿನ ಹೊಲದಲ್ಲಿ ನಿಂತು ಇದನ್ನು ನೆನೆದರೆ, ಆಚಾರ್ಯರು ನಮ್ಮನ್ನೇ ಕಂಡು ಹೇಳಿದರೇನೋ ಅನ್ನಿಸುತ್ತದೆ.

ಮಣ್ಣೆಂದರೆ ಏನು? ಶಾಸ್ತ್ರದ ದೃಷ್ಟಿಯಲ್ಲಿ ಮಣ್ಣೇ ಏಕೇಂದ್ರಿಯ ಜೀವಗಳ ಶರೀರ. ವಿಜ್ಞಾನ ಹೇಳುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿ ವಾಸಿಸುವ ಜೀವಗಳು. ಇವೆರಡೂ ಒಂದೇ ಅಲ್ಲ. ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ಎಳೆಯುವ ಅಗತ್ಯವೂ ಇಲ್ಲ. ಆದರೆ ಮಣ್ಣನ್ನು ಜಡವೆಂದು ಬಗೆಯಬೇಡಿರೆಂಬ ಮಾತು ಎರಡು ಕಡೆಯಿಂದಲೂ ಬರುತ್ತದೆ. ಫಲವತ್ತಾದ ಮಣ್ಣಿನ ಒಂದು ಚಮಚದಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಅವು ಎಲೆ, ಬೇರು, ಸೆಗಣಿಗಳನ್ನು ಕೊಳೆಯಿಸಿ ಸಸ್ಯಕ್ಕೆ ಆಹಾರವಾಗುವಂತೆ ಮಾಡುತ್ತವೆ. ನಮ್ಮ ವಿಂಗಡಣೆಯಲ್ಲಿ ದ್ವೀಂದ್ರಿಯವಾದ ಎರೆಹುಳು ಮಣ್ಣನ್ನು ಸಡಿಲಗೊಳಿಸಿ ಗಾಳಿಗೂ ನೀರಿಗೂ ದಾರಿ ಮಾಡುತ್ತದೆ. ಈ ಜೀವಲೋಕಕ್ಕೆ ಆಧಾರವಾದುದು ಮಣ್ಣಿನಲ್ಲಿರುವ ಸಾವಯವ ಇಂಗಾಲ. ಪರೀಕ್ಷೆಯಲ್ಲಿ ಅದು ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದೂ 0.75ಕ್ಕಿಂತ ಹೆಚ್ಚಿದ್ದರೆ ಉತ್ತಮವೆಂದೂ ಲೆಕ್ಕ. ನೂರು ಸೇರು ಮಣ್ಣಿನಲ್ಲಿ ಒಂದು ಸೇರೂ ಇಲ್ಲದ ಈ ಅಂಶದ ಮೇಲೆ ನಮ್ಮ ಅನ್ನ ನಿಂತಿದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಒದಗಿರುವ ಹಾನಿ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ಬೆಂಕಿ. ಕಬ್ಬು ಕಡಿದ ಮೇಲೆ ಉಳಿಯುವ ರವದಿಗೆ ಕಡ್ಡಿ ಗೀರಿ ಬಿಡುವುದು ಎಷ್ಟೋ ಹೊಲಗಳಲ್ಲಿ ಇಂದಿಗೂ ನಡೆದಿದೆ. ಎಕರೆಗೆ ಮೂರು ನಾಲ್ಕು ಟನ್ನಿನಷ್ಟು ಸಾವಯವ ವಸ್ತು ಅರ್ಧ ತಾಸಿನಲ್ಲಿ ಹೊಗೆಯಾಗುತ್ತದೆ. ಅದರೊಡನೆ ಬೇಯುವ ಹುಳು, ಇರುವೆ, ಹಕ್ಕಿಯ ಮರಿಗಳ ಲೆಕ್ಕವನ್ನು ಇಡುವವರಾರು? ಎರಡನೆಯದು ನೀರು. ಕಾಲುವೆ, ಏತ ನೀರಾವರಿಗಳು ಬಂದ ಮೇಲೆ ಕಪ್ಪು ಮಣ್ಣಿಗೆ ಅಳತೆಯಿಲ್ಲದೆ ನೀರು ಹಾಯಿಸಿದೆವು. ಬಸಿದುಹೋಗಲು ದಾರಿಯಿಲ್ಲದ ನೀರು ಒಳಗೇ ನಿಂತು ಮೇಲೇರಿತು. ಅದರಲ್ಲಿ ಕರಗಿದ ಲವಣಗಳೂ ಮೇಲೆ ಬಂದವು. ನೀರು ಆರಿದಾಗ ಬಿಳಿಯ ಪದರು ಉಳಿಯಿತು. ಒಂದು ಕಾಲಕ್ಕೆ ಬಿಳಿಜೋಳ ತೂಗಿದ ಹೊಲಗಳು ಇಂದು ಸವಳು-ಜವಳಾಗಿ ಜಾಲಿ ಬೆಳೆಯುತ್ತಿವೆ. ಮೂರನೆಯದು ಅಂದಾಜಿನ ಗೊಬ್ಬರ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿದೆ. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ಸುರಿದರೆ ಉಳಿದದ್ದು ಗಾಳಿಗೆ ಹೋಗುತ್ತದೆ, ಇಲ್ಲವೆ ಬಾವಿಯ ನೀರಿಗೆ ಇಳಿಯುತ್ತದೆ. ಈ ಮೂರರಲ್ಲಿ ಯಾವುದೂ ಹೊಟ್ಟೆಪಾಡಿಗೆ ಅನಿವಾರ್ಯವಲ್ಲ. ಆದುದರಿಂದ ಇವನ್ನು ಉದ್ಯಮೀ ಹಿಂಸೆಯ ಮರೆಯಲ್ಲಿ ಅಡಗಿಸುವಂತಿಲ್ಲ; ಇವು ಶುದ್ಧ ಅನರ್ಥದಂಡಗಳು.

ಈ ವಿಚಾರ ನನಗೆ ಸ್ಪಷ್ಟವಾದುದು ನಮ್ಮೂರ ಬಸದಿಯ ಜಮೀನಿನ ನಿಮಿತ್ತವಾಗಿ. ಬಸದಿಗೆ ಕೆಲವು ಎಕರೆ ಹೊಲವಿದೆ. ಅದನ್ನು ಪ್ರತಿವರ್ಷ ಹರಾಜು ಕೂಗಿ, ಹೆಚ್ಚು ಹಣ ಹೇಳಿದವರಿಗೆ ಒಂದು ವರ್ಷದ ಮಟ್ಟಿಗೆ ಸಾಗುವಳಿಗೆ ಕೊಡುವ ರೂಢಿ ಬೆಳೆದಿತ್ತು. ಬರುವ ವರ್ಷ ಹೊಲ ತನ್ನ ಕೈಯಲ್ಲಿ ಇರುವುದೋ ಇಲ್ಲವೋ ಎಂದು ತಿಳಿಯದವನು ಅದಕ್ಕೆ ಒಂದು ಬಂಡಿ ತಿಪ್ಪೆಗೊಬ್ಬರವನ್ನಾದರೂ ಏಕೆ ಹಾಕಿಯಾನು? ಕೊಟ್ಟ ಹಣವನ್ನು ವರ್ಷದೊಳಗೆ ಹಿಂಡಿ ತೆಗೆಯುವುದೇ ಅವನಿಗೆ ದಾರಿ. ದೋಷ ಅವನದಲ್ಲ, ಪದ್ಧತಿಯದು. ಸುತ್ತಲಿನ ಹೊಲಗಳಿಗಿಂತ ದೇವರ ಹೊಲವೇ ಹೆಚ್ಚು ಬಡವಾಗಿತ್ತು.

ನಮ್ಮ ನಾಡಿನ ಎಷ್ಟೋ ಶಾಸನಗಳು ಬಸದಿಗೆ ಬಿಟ್ಟ ಗದ್ದೆ, ತೋಟ, ಬೆದ್ದಲುಗಳ ಎಲ್ಲೆಯನ್ನು ಹೇಳಿ, ದತ್ತಿಯನ್ನು ಅಪಹರಿಸಿದವರಿಗೆ ಶಾಪ ಹಾಕಿ ಮುಗಿಯುತ್ತವೆ. ಎಲ್ಲೆಗಲ್ಲನ್ನು ಸರಿಸಿ ಹೊಲವನ್ನು ನುಂಗಿದವನು ಕಳ್ಳನೆಂದು ಎಲ್ಲರೂ ಒಪ್ಪುತ್ತಾರೆ. ಎಲ್ಲೆಗಲ್ಲು ಇದ್ದಲ್ಲೇ ಇದ್ದು, ಒಳಗಿನ ಸಾರ ಮಾತ್ರ ಹೊರಟುಹೋದರೆ ಅದನ್ನು ಏನೆಂದು ಕರೆಯೋಣ? ದಾನಿಗಳು ಬಿಟ್ಟದ್ದು ಬೆಳೆಯುವ ನೆಲವನ್ನೇ ಹೊರತು ಬರಿಯ ವಿಸ್ತೀರ್ಣವನ್ನಲ್ಲ. ಅಚೌರ್ಯವ್ರತವೂ ಇಲ್ಲಿ ನಮ್ಮನ್ನು ಪ್ರಶ್ನಿಸುತ್ತದೆ.

ಇದನ್ನು ನಾನು ಪಂಚ ಕಮಿಟಿಯ ಮುಂದಿಟ್ಟೆ. ಆದಾಯ ಕಡಿಮೆಯಾದರೆ ನಿತ್ಯಪೂಜೆಗೆ ಏನು ಗತಿ ಎಂದು ಕೆಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಇನ್ನೊಂದು ಆಕ್ಷೇಪ ಗಂಭೀರವಾಗಿತ್ತು. ವ್ರತನಿಷ್ಠರಾದ ಹಿರಿಯರೊಬ್ಬರು, “ತಮ್ಮಾ, ತಿಪ್ಪೆಗುಂಡಿ ಎಂದರೆ ಹುಳುಗಳ ಉತ್ಪತ್ತಿಸ್ಥಾನ. ಬಸದಿಯ ಹೆಸರಿನಲ್ಲಿ ಅದನ್ನು ಮಾಡಿಸುವುದು ಯೋಗ್ಯವೇ?” ಎಂದರು. ಈ ಮಾತನ್ನು ನಗೆಯಲ್ಲಿ ತಳ್ಳಿಹಾಕುವಂತಿರಲಿಲ್ಲ. ಗುಂಡಿ ತೋಡಿ, ಜೀವಗಳು ತುಂಬಿದ ಮೇಲೆ ಅದನ್ನು ಕೆದಕಿ ತೆಗೆಯುವುದರಲ್ಲಿ ಹಿಂಸೆ ಇದ್ದೇ ಇದೆ. ಆಲೋಚಿಸಿ ನಾವು ಕಂಡುಕೊಂಡ ದಾರಿ ಇದು: ರವದಿಯನ್ನು ಸುಡುವುದೂ ಬೇಡ, ಗುಂಡಿಗೆ ತುಂಬುವುದೂ ಬೇಡ, ಕುಳೆ ಕಬ್ಬಿನಲ್ಲಿ ಸಾಲು ಬಿಟ್ಟು ಸಾಲಿಗೆ ಹೊದಿಕೆಯಾಗಿ ಹಾಸಿಬಿಡುವುದು. ಅದು ತಾನಾಗಿ ಕೊಳೆತು ಮಣ್ಣು ಸೇರುತ್ತದೆ. ಕಳೆ ಕಡಿಮೆ, ನೀರಿನ ಆವಿ ಕಡಿಮೆ, ಎಡೆ ಹೊಡೆಯುವ ಕೆಲಸವೂ ಕಡಿಮೆ. ಹಿರಿಯರು ಒಪ್ಪಿದರು.

ವಕೀಲರನ್ನು ಕೇಳಿಕೊಂಡು, ಕಾನೂನಿಗೆ ಹೊಂದುವಂತೆ ಸಾಗುವಳಿಯ ಕರಾರನ್ನು ಬದಲಿಸಿದೆವು. ಒಬ್ಬರಿಗೇ ಮೂರು ವರ್ಷ. ರವದಿಗೆ ಬೆಂಕಿ ಇಡಬಾರದು. ಒಮ್ಮೆಯಾದರೂ ಸೆಣಬು ಬಿತ್ತಿ ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸಬೇಕು. ಮಣ್ಣು ಪರೀಕ್ಷೆಯ ಸಲಹೆಯಂತೆಯೇ ಗೊಬ್ಬರ ಹಾಕಬೇಕು. ಮೊದಲ ವರ್ಷ ಬಸದಿಯ ಆದಾಯ ಇಳಿಯಿತು. ಕೊರತೆಯನ್ನು ನಾಲ್ಕಾರು ಮನೆಯವರು ಹಂಚಿಕೊಂಡು ತುಂಬಿದರು. ಸಾವಯವ ಇಂಗಾಲ ಒಂದೆರಡು ವರ್ಷಗಳಲ್ಲಿ ಏರುವಂಥದ್ದಲ್ಲ, ತಾಳ್ಮೆ ಬೇಕು. ಆದರೆ ಮೊನ್ನೆ ಮಳೆ ನಿಂತ ಮೇಲೆ ಹೊಲಕ್ಕೆ ಹೋದಾಗ, ರವದಿಯ ಕೆಳಗೆ ಎರೆಹುಳುಗಳ ಹಿಕ್ಕೆ ಕಂಡಿತು.

ಬೇರೆ ಬಸದಿಗಳ ಟ್ರಸ್ಟಿನವರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಜಮೀನಿನ ಮಣ್ಣನ್ನು ಒಮ್ಮೆ ಪರೀಕ್ಷೆ ಮಾಡಿಸಿರಿ. ಬದು, ತಿಪ್ಪೆ, ಮರದ ನೆರಳುಗಳನ್ನು ಬಿಟ್ಟು, ಹೊಲದ ಹತ್ತಾರು ಕಡೆ ಆರು ಅಂಗುಲ ಆಳದವರೆಗಿನ ಮಣ್ಣನ್ನು ತೆಗೆದು ಬೆರೆಸಿ, ಅರ್ಧ ಕಿಲೋದಷ್ಟು ಕೊಟ್ಟರೆ ಸಾಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಹನ್ನೆರಡು ಅಂಶಗಳ ವಿವರ ಸಿಗುತ್ತದೆ. ಸವಳು ಕಂಡಲ್ಲಿ ಬಸಿಗಾಲುವೆಯ ವಿಚಾರ ಮಾಡಿರಿ. ಪಟ್ಟಣದ ಬಸದಿಯವರು ಅಂಗಳದ ಎಲೆಗಳನ್ನು ಸುಡದೆ ಗಿಡಗಳ ಬುಡಕ್ಕೆ ಹಾಸಿರಿ. ಅಂಗಳಕ್ಕೆಲ್ಲ ಕಾಂಕ್ರೀಟು ಹಾಕದೆ ಮಳೆನೀರು ಇಂಗಲು ಒಂದಿಷ್ಟು ನೆಲವನ್ನು ಬಿಡಿರಿ. ವಿಶ್ವಸಂಸ್ಥೆ 2013ರಲ್ಲಿ ಡಿಸೆಂಬರ್ 5ನ್ನು ವಿಶ್ವ ಮಣ್ಣು ದಿನವೆಂದು ಘೋಷಿಸಿತು. ಅಂದು ಪಾಠಶಾಲೆಯ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು, ಅವರು ಬಾಯಿಪಾಠ ಮಾಡಿದ ಪೃಥ್ವೀಕಾಯದ ಪಾಠವನ್ನು ಅಲ್ಲಿಯೇ ಹೇಳಿಕೊಡಬಹುದು.

ಪ್ರತಿಕ್ರಮಣದಲ್ಲಿ ನಾವು ಪೃಥ್ವೀಕಾಯಿಕ ಜೀವಗಳ ಹೆಸರನ್ನೂ ಎತ್ತಿ, ಆದ ಅಪರಾಧ ಮಿಥ್ಯೆಯಾಗಲೆಂದು ಪ್ರಾರ್ಥಿಸುತ್ತೇವೆ. ಅದೇ ಅಪರಾಧವನ್ನು ಮರುದಿನ ಕಡ್ಡಿ ಗೀರಿ ಮತ್ತೆ ಮಾಡಿದರೆ ಆ ಪ್ರಾರ್ಥನೆಗೆ ಬಲವೆಲ್ಲಿಯದು? ಈ ಸುಗ್ಗಿಯಲ್ಲಿ ಒಂದೊಂದು ಮನೆಯವರು ಒಂದೊಂದು ಎಕರೆಯ ರವದಿಯನ್ನಾದರೂ ಸುಡದೆ ಉಳಿಸುವ ನಿಯಮ ತೆಗೆದುಕೊಳ್ಳಲಿ ಎಂದು ಸಮಾಜಬಾಂಧವರಲ್ಲಿ ಬಿನ್ನವಿಸುತ್ತೇನೆ.