ಮರೆಯದಿರುವುದರ ಖರ್ಚು

ಮುಸ್ಸಂಜೆ ದೀಪ ಹಚ್ಚಿದೊಡನೆ ಅಜ್ಜಿ ನಡುಮನೆಯ ಕಂಬಕ್ಕೊರಗಿ ಕುಳಿತು ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದಳು. ತೀರಿಹೋದ ಅತ್ತೆ, ಕಾಶಿಗೆಂದು ಹೋಗಿ ಮರಳದ ಮೈದುನ, ಮೂರು ತಿಂಗಳಿಗೇ ಕಣ್ಮುಚ್ಚಿದ ಹೆಣ್ಣುಕೂಸು. "ದಿನವೂ ಅದೇ ಪಟ್ಟಿಯೇಕೆ ಅಜ್ಜಿ?" ಎಂದು ಮೊಮ್ಮಗ ನಕ್ಕರೆ, "ನಾಲ್ಕು ದಿನ ಬಿಟ್ಟರೆ ಒಂದು ಹೆಸರು ಜಾರಿಹೋಗುತ್ತದೆ ಮಗು" ಎನ್ನುತ್ತಿದ್ದಳು.

ಆ ಹುಡುಗನೇ ಬೆಳೆದು ಬೆಂಗಳೂರಿನಲ್ಲಿ ಸರ್ವರ್ ಎಂಬ ದೊಡ್ಡ ಗಣಕಯಂತ್ರಗಳ ಕೋಣೆಯೊಂದಕ್ಕೆ ಮೇಲ್ವಿಚಾರಕನಾದ. ಅಲ್ಲಿ ಅವನನ್ನು ಮೊದಲು ಬೆರಗುಗೊಳಿಸಿದ್ದು ಯಂತ್ರಗಳ ಮರೆವು. 1966ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ ಕಲ್ಪಿಸಿದ ಮೆಮೊರಿ ಕೋಶದಲ್ಲಿರುವುದು ಒಂದು ಟ್ರಾನ್ಸಿಸ್ಟರು, ಒಂದು ಕೆಪ್ಯಾಸಿಟರು. ಕೆಪ್ಯಾಸಿಟರಿನಲ್ಲಿ ತುಂಬಿದ ವಿದ್ಯುದಂಶವೇ ನೆನಪು. ತೂತುಬಿದ್ದ ಚೊಂಬಿನ ನೀರಿನಂತೆ ಅದು ಸೋರುತ್ತಲೇ ಇರುತ್ತದೆ. ಆದಕಾರಣ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಸುಮಾರು 16 ಬಾರಿ, ಪ್ರತಿಯೊಂದು ಕೋಶವನ್ನೂ ಓದಿ ಮರಳಿ ತುಂಬಬೇಕು. ಯಾರೂ ಏನನ್ನೂ ಕೇಳದಿದ್ದರೂ ಈ ಜಪ ನಿಲ್ಲುವಂತಿಲ್ಲ. ಜಪಕ್ಕೆ ವಿದ್ಯುತ್ತು ಬೇಕು.

ಈ ಖರ್ಚನ್ನು ಅಳೆಯಲು 2010ರಲ್ಲಿ ಇಂಟೆಲ್ ಸಂಸ್ಥೆಯ ಸಂಶೋಧಕರು ಉಪಾಯವೊಂದನ್ನು ಪ್ರಕಟಿಸಿದರು. ಮೆಮೊರಿ ಮಾಡುವ ಒಂದೊಂದು ಬಗೆಯ ಕೆಲಸಕ್ಕೂ ಇಷ್ಟಿಷ್ಟು ಶಕ್ತಿಯೆಂದು ಗೊತ್ತುಮಾಡಿ, ಕೆಲಸಗಳನ್ನು ಎಣಿಸಿ ಅಂದಾಜು ಕಟ್ಟುವುದೇ ಆ ಉಪಾಯ. 2012ರಲ್ಲಿ ಬಂದ ಸಿಯಾನ್ ಇ5 ಪ್ರೊಸೆಸರುಗಳಲ್ಲಿ ಮೆಮೊರಿಗೆಂದೇ ಒಂದು ಮಾಪಕವಿತ್ತು. ಅದು ಮನೆಯ ಕರೆಂಟು ಮೀಟರಿನ ತಮ್ಮನೇ ಸರಿ. ಬಳಸಿದ ಶಕ್ತಿಯನ್ನು ಕೂಡುತ್ತ ಹೋಗುವುದಷ್ಟೇ ಅದರ ಕೆಲಸ. ಈಗಿನ ಅಂಕಿಯಿಂದ ಹಿಂದಿನದನ್ನು ಕಳೆದು, ಕಾಲದಿಂದ ಭಾಗಿಸಿದರೆ ವ್ಯಾಟ್ ಲೆಕ್ಕ ದೊರೆಯುತ್ತದೆ. ಅಂಕಿ ತುಂಬಿದಾಗ ಸೊನ್ನೆಗೆ ಮರಳುವುದರಿಂದ, ತಡವಾಗಿ ಬಂದ ಲೆಕ್ಕಿಗ ಮೋಸಹೋಗುತ್ತಾನೆ.

ಅಳತೆಯ ಬೆನ್ನಿಗೇ ಮಿತಿ ಬಂದಿತು. ಮಿತಿಯಿರುವುದು ಸರಾಸರಿಗೆ. ಹಬ್ಬದ ದಿನ ತುಪ್ಪವನ್ನು ಧಾರಾಳವಾಗಿ ಬಡಿಸಿದ ಗೃಹಿಣಿ ಮುಂದಿನ ನಾಲ್ಕು ದಿನ ತಿಳಿಸಾರಿನಲ್ಲಿ ಸರಿದೂಗಿಸುವಂತೆ, ಯಂತ್ರವೂ ಗೊತ್ತಾದ ಅವಧಿಯೊಳಗೆ ಖರ್ಚನ್ನು ಸರಿತೂಗಿಸುತ್ತದೆ. ಅವಳಿಗೆ ತಿಂಗಳು, ಇದಕ್ಕೆ ಕ್ಷಣಮಾತ್ರ. ಖರ್ಚು ಹೆಚ್ಚಿದರೆ, ನೆನಪನ್ನು ಕೇಳಿಬರುವ ಬೇಡಿಕೆಗಳನ್ನು ಬಾಗಿಲಲ್ಲಿ ನಿಲ್ಲಿಸಿ ಕಾಯಿಸುತ್ತದೆ.

ವಿದ್ಯುತ್ತಿನ ಬಿಲ್ಲು ಏರಿದೆಯೆಂದು ಮೇಲಧಿಕಾರಿ ಸಿಡುಕಿದ ದಿನ ಮೊಮ್ಮಗ ಈ ಮಿತಿಯನ್ನು ಬಹಳ ಕೆಳಗಿಳಿಸಿದ. ಕೆಲಸಗಳೆಲ್ಲ ತೆವಳಿದವು. ಕಾದು ಬೇಸತ್ತವರ ದೂರುಗಳು ಬಂದವು. ಮಾಪಕ ಮಾತ್ರ ಒಂದು ಅಂಕಿಯಿಂದ ಕೆಳಗಿಳಿಯಲು ಒಪ್ಪಲಿಲ್ಲ. ಬಂದು ಹೋಗುವವರನ್ನು ತಡೆದು ಉಳಿಸಬಹುದಾದುದನ್ನೆಲ್ಲ ಅದು ಉಳಿಸಿಯಾಗಿತ್ತು. ಮಿಕ್ಕಿದ್ದು, ಮರೆಯದಿರಲು ತೆರಬೇಕಾದ ಬೆಲೆ. ಅದನ್ನೂ ಉಳಿಸಹೊರಟರೆ ನೆನಪೇ ಉಳಿಯದು. ಅವನು ಮಿತಿಯನ್ನು ಮತ್ತೆ ಏರಿಸಿ ಮನೆಗೆ ಹೋದ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಗೆ ತೊಂಬತ್ತು ತುಂಬಿತ್ತು. "ಒಬ್ಬೊಬ್ಬರೇ ಒಳಗೆ ಹೋಗಿ, ಹೆಚ್ಚು ಮಾತಾಡಿಸಬೇಡಿ, ಆಯಾಸವಾಗುತ್ತದೆ" ಎಂದು ಚಿಕ್ಕಮ್ಮ ಬಾಗಿಲಲ್ಲೇ ಬಂದವರನ್ನು ತಡೆಯುತ್ತಿದ್ದಳು. ಅವನಿಗೆ ತನ್ನ ಕೋಣೆಯ ಯಂತ್ರಗಳ ನೆನಪಾಗಿ ನಗು ಬಂದಿತು. ಒಳಗೆ ದೀಪ ಹಚ್ಚಿದ್ದರು. ಅಜ್ಜಿಯ ತುಟಿಗಳು ಆಡುತ್ತಿದ್ದವು. ಅತ್ತೆಯ ಹೆಸರು ಬಂದಿತು, ಮೈದುನನದೂ ಬಂದಿತು. ಆಮೇಲೆ ತುಟಿ ನಿಂತಿತು. ಕಣ್ಣು ಮಾತ್ರ ಏನನ್ನೋ ಹುಡುಕುತ್ತಿತ್ತು.

ಮೊಮ್ಮಗ ಬಾಗಿ, ತಾನೆಂದೂ ಕಾಣದ ಆ ಕೂಸಿನ ಹೆಸರನ್ನು ಅವಳ ಕಿವಿಯಲ್ಲಿ ಹೇಳಿದ. ಅಜ್ಜಿ ತಲೆಯಾಡಿಸಿ, ಪಟ್ಟಿಯನ್ನು ಮುಂದುವರಿಸಿದಳು.